ಎಕ್ಸ್‌ರೇಯಲ್ಲಿ ಕಣ್ತಪ್ಪಿದ್ದನ್ನು ಎಣಿಸುವುದು ಹೇಗೆ? ದಾವಣಗೆರೆಯ ಒಂದು ಪ್ರಕರಣ

ಇದು ದಾವಣಗೆರೆಯ ಒಂದು ಆಸ್ಪತ್ರೆಯ ರೇಡಿಯಾಲಜಿ (ಎಕ್ಸ್‌ರೇ, ಸ್ಕ್ಯಾನ್ ಓದುವ) ವಿಭಾಗದಲ್ಲಿ ನಡೆದದ್ದು. ಯಾವ ಆಸ್ಪತ್ರೆ, ಯಾವ ವರ್ಷ, ಯಾರು ಎನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ರೋಗಿಯ ವಿವರಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಎಷ್ಟು ಫಿಲ್ಮ್, ಎಷ್ಟು ಡಾಕ್ಟರು ಎಂದು ಹೇಳಿದರೂ ಈ ಊರಿನವರು ಅರ್ಧ ಗಂಟೆಯಲ್ಲಿ ಪತ್ತೆ ಹಚ್ಚುತ್ತಾರೆ, ಹಾಗಾಗಿ ವಿಭಾಗದ ಅಂಕಿಅಂಶಗಳೂ ಇಲ್ಲಿಲ್ಲ. ನಾನು ರೇಡಿಯಾಲಜಿಸ್ಟ್ ಅಲ್ಲ. ಲೆಕ್ಕದ ಕೆಲಸಕ್ಕೆ ಅವರು ಕರೆಸಿಕೊಂಡ ಹೊರಗಿನವನು.

ಶುರುವಾದದ್ದು ಹೀಗೆ

ರೋಗಿ ಜಗಳೂರು ಕಡೆಯವರು. ದಾವಣಗೆರೆಗೆ ಬಂದು ಮಂಡಕ್ಕಿ ಭಟ್ಟಿಯಲ್ಲಿ ಬಹಳ ವರ್ಷ ದುಡಿದವರು. ವಯಸ್ಸು ಐವತ್ತು ದಾಟಿತ್ತು, ಬೀಡಿ ಸೇದುತ್ತಿದ್ದರು. ಹರ್ನಿಯಾ ಆಪರೇಷನ್‌ಗೆ ಮುಂಚೆ ಎಲ್ಲರಿಗೂ ತೆಗೆಯುವಂತೆ ಇವರಿಗೂ ಎದೆಯ ಎಕ್ಸ್‌ರೇ ತೆಗೆದರು. ರಿಪೋರ್ಟ್ ನಾರ್ಮಲ್ ಎಂದು ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು. ಕೆಲವು ತಿಂಗಳ ನಂತರ ಕೆಮ್ಮಿದಾಗ ರಕ್ತ ಬಂತು. ಸಿ.ಟಿ. ಸ್ಕ್ಯಾನ್ ಮಾಡಿದಾಗ ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಗಡ್ಡೆ ಕಂಡಿತು. ಹಳೆಯ ಎಕ್ಸ್‌ರೇ ತೆರೆದು ನೋಡಿದರು. ಕಾಲರ್‌ಬೋನ್ ಮತ್ತು ಮೊದಲ ಪಕ್ಕೆಲುಬು ಒಂದರ ಮೇಲೊಂದು ಬೀಳುವ ಜಾಗದಲ್ಲಿ ಅದೇ ಗಡ್ಡೆಯ ಚಿಕ್ಕ ನೆರಳು ಇತ್ತು.

ರೋಗಿಯ ಮಗ ಬಂದು ಕೇಳಿದ್ದು ಒಂದೇ ಮಾತು. "ಅವತ್ತೂ ಇಲ್ಲೇ ಫೋಟೋ ತೆಗೆದಿದ್ರಲ್ಲ ಮೇಡಂ, ಅದ್ರಾಗ ಕಾಣ್ಲಿಲ್ಲೇನ್ರೀ?"

ವಿಭಾಗದ ಮುಖ್ಯಸ್ಥೆ ಆ ಕ್ಷಣಕ್ಕೆ ಉತ್ತರ ಕೊಡಲಿಲ್ಲ. ನೋಡಿ ಹೇಳುತ್ತೇನೆ ಎಂದು ಕಳಿಸಿದರು. ಆಮೇಲೆ ವಿಭಾಗದೊಳಗೆ ಜಗಳ ಶುರುವಾಯಿತು. ಗಡ್ಡೆ ಎಲ್ಲಿದೆ ಎಂದು ಗೊತ್ತಾದ ಮೇಲೆ ಯಾರಿಗಾದರೂ ಕಾಣುತ್ತೆ, ಅದಕ್ಕೆ ಬೆಲೆಯಿಲ್ಲ ಎಂದರು ಒಬ್ಬ ಹಿರಿಯರು. ಇಷ್ಟು ಸ್ಪಷ್ಟವಾಗಿ ಇರುವುದನ್ನು ಬಿಟ್ಟರೆ ನಾವು ಕೂತಿರುವುದಾದರೂ ಯಾಕೆ ಎಂದರು ಇನ್ನೊಬ್ಬರು. ರಿಪೋರ್ಟ್ ಬರೆದಿದ್ದ ಡಾಕ್ಟರು ಮಾತ್ರ ಏನೂ ಹೇಳಲಿಲ್ಲ.

ಇಂಥ ಜಗಳ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಮುಗಿಯುತ್ತದೆ. ಒಬ್ಬರಿಗೆ ಮೆಮೋ ಹೋಗುತ್ತದೆ, ಇಲ್ಲವೇ ಎಲ್ಲರೂ ಸುಮ್ನಾಗುತ್ತಾರೆ. ಇಲ್ಲಿ ಮೇಡಂ ಬೇರೆ ಪ್ರಶ್ನೆ ಎತ್ತಿದರು: ಇದು ಒಂದೇ ಒಂದಾ, ಇಲ್ಲಾ ನಮಗೆ ಗೊತ್ತಿಲ್ಲದೆ ಇಂಥವು ಇನ್ನೂ ಇವೆಯಾ? ಇದ್ದರೆ ಎಷ್ಟು? ನಾನು ಬಂದದ್ದು ಈ ಹಂತದಲ್ಲಿ.

ಹಳೆಯ ಪ್ರಶ್ನೆ

ಎಕ್ಸ್‌ರೇ ಓದುವವರು ಎಷ್ಟು ಬಿಡುತ್ತಾರೆ ಎಂಬ ಪ್ರಶ್ನೆ ಹುಟ್ಟಿದ್ದೇ ಆಕಸ್ಮಿಕವಾಗಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಟಿ.ಬಿ. ಹುಡುಕಲು ಸಾವಿರಾರು ಜನರ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದರು. ದೊಡ್ಡ ಫಿಲ್ಮ್ ಒಳ್ಳೆಯದೋ, ಖರ್ಚು ಕಡಿಮೆಯ ಚಿಕ್ಕ ಫಿಲ್ಮ್ ಸಾಕೋ ಎಂದು ತಿಳಿಯಬೇಕಿತ್ತು. 1,200ಕ್ಕೂ ಹೆಚ್ಚು ಜನರಿಗೆ ನಾಲ್ಕು ಬಗೆಯ ಫಿಲ್ಮ್ ತೆಗೆದು, ಐದು ಡಾಕ್ಟರ ಕೈಯಲ್ಲಿ ಬೇರೆಬೇರೆಯಾಗಿ ಓದಿಸಿದರು. 1947ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಮುಜುಗರಕ್ಕೆ ಈಡುಮಾಡಿತು. ಫಿಲ್ಮ್ ಫಿಲ್ಮ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಡಾಕ್ಟರ್ ಡಾಕ್ಟರ ನಡುವಿನ ವ್ಯತ್ಯಾಸವೇ ದೊಡ್ಡದಾಗಿತ್ತು. ಒಬ್ಬರೇ ಅದೇ ಫಿಲ್ಮನ್ನು ಮತ್ತೊಮ್ಮೆ ಓದಿದರೆ ತಮ್ಮ ಮೊದಲ ಮಾತನ್ನೇ ಒಪ್ಪುತ್ತಿರಲಿಲ್ಲ. 1949ರಲ್ಲಿ ಹೆನ್ರಿ ಗಾರ್ಲಂಡ್ ಎಂಬ ರೇಡಿಯಾಲಜಿಸ್ಟ್ ಇವನ್ನೆಲ್ಲ ಒಟ್ಟುಮಾಡಿ, ದೋಷವಿರುವ, ಅಂದರೆ ರೋಗದ ಗುರುತಿರುವ, ಫಿಲ್ಮ್‌ಗಳಲ್ಲಿ ಸುಮಾರು ಶೇ. 30ರಷ್ಟು ಕಣ್ತಪ್ಪುತ್ತವೆ ಎಂದು ಬರೆದರು.

ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರದ್ದು ಅಮೆರಿಕದ ಮೇಯೋ ಕ್ಲಿನಿಕ್‌ನಿಂದ 1983ರಲ್ಲಿ ಬಂದ ವರದಿ. ಅಲ್ಲಿ ಸಿಗರೇಟು ಸೇದುವವರಿಗೆ ನಾಲ್ಕು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆದು, ಪ್ರತಿ ಫಿಲ್ಮನ್ನೂ ಒಬ್ಬರಿಗಿಂತ ಹೆಚ್ಚು ಜನ ಓದುತ್ತಿದ್ದರು. ಶ್ವಾಸಕೋಶದ ಹೊರಭಾಗದಲ್ಲಿ ಸಿಕ್ಕಿದ 50 ಗಡ್ಡೆಗಳಲ್ಲಿ 45 ಹಿಂದಿನ ಫಿಲ್ಮ್‌ನಲ್ಲೇ ಇದ್ದವು. ಹುಡುಕಲೆಂದೇ ಕೂತ ಅನುಭವಿಗಳ ಕಥೆ ಇದು. ನಾನು ಇದನ್ನು ಹೇಳಿದಾಗ ಹಿರಿಯರು "ನೋಡಿದ್ರಾ, ನಾನು ಹೇಳಿದ್ದೇ ಅದು" ಎಂದರು. ಮೇಡಂ ತಕ್ಷಣ ತಡೆದರು. ಅವರಿಗೆ ಹಾಗಾಯಿತು ಅಂತ ನಮ್ಮ ಲೆಕ್ಕ ಮುಗಿಯಲ್ಲ ಎಂದರು.

ಮೊದಲ ಪ್ರಯತ್ನ: ಎಲ್ಲವೂ ಚೆನ್ನಾಗಿದೆ!

ಮೊದಲು ಮಾಡಿದ್ದು ಎಲ್ಲ ಕಡೆ ಮಾಡುವ ಕೆಲಸ. ರಿಪೋರ್ಟ್ ಆದ ಫಿಲ್ಮ್‌ಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ ಇನ್ನೊಬ್ಬ ಡಾಕ್ಟರಿಗೆ ಕೊಡುವುದು. ಅವರು ನೋಡಿ ಒಪ್ಪಿಗೆ, ಸಣ್ಣ ವ್ಯತ್ಯಾಸ, ದೊಡ್ಡ ವ್ಯತ್ಯಾಸ ಎಂದು ಗುರುತು ಹಾಕುವುದು. ಅಮೆರಿಕದ ರೇಡಿಯಾಲಜಿ ಕಾಲೇಜು 2002ರಲ್ಲಿ ರಾಡ್‌ಪಿಯರ್ ಎಂಬ ಹೆಸರಿನಲ್ಲಿ ಶುರುಮಾಡಿದ ಪದ್ಧತಿಯೂ ಇದೇ ಜಾತಿಯದು.

ಫಲಿತಾಂಶ ಅದ್ಭುತವಾಗಿತ್ತು. ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆಡಳಿತದವರಿಗೆ ಬಹಳ ಖುಷಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟದ ಮಾನ್ಯತೆ) ಕಡತಕ್ಕೆ ಒಂದು ಒಳ್ಳೆಯ ಹಾಳೆ ಸಿಕ್ಕಿತು ಎಂದರು. ಮೇಡಂ ಆ ಹಾಳೆಗೆ ಸಹಿ ಹಾಕಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಎನಿಸುವ ತಿರುವು ಇದೇ. ಒಳ್ಳೆಯ ಅಂಕಿ ಕೈಗೆ ಸಿಕ್ಕಾಗ ಅದನ್ನು ಅನುಮಾನಿಸಲು ಧೈರ್ಯ ಬೇಕು.

ಅನುಮಾನಕ್ಕೆ ಕಾರಣ ಇತ್ತು. ಎರಡನೇ ಡಾಕ್ಟರ ಮುಂದೆ ಮೊದಲ ರಿಪೋರ್ಟ್ ತೆರೆದೇ ಇರುತ್ತಿತ್ತು. "ನಾರ್ಮಲ್" ಎಂದು ಓದಿಕೊಂಡು ಫಿಲ್ಮ್ ನೋಡಿದರೆ ಕಣ್ಣೂ ನಾರ್ಮಲ್ ಎನ್ನುತ್ತದೆ. ಅದೂ ಬರೆದವರು ಗುರುಗಳಾಗಿದ್ದು ನೋಡುವವರು ನಿನ್ನೆ ಮೊನ್ನೆ ಪಿ.ಜಿ. ಮುಗಿಸಿದವರಾದರೆ ಕೇಳಬೇಕೇ?

ಇನ್ನೊಂದು ಕಾರಣ ಶುದ್ಧ ಗಣಿತದ್ದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. 1,000 ಫಿಲ್ಮ್ ಇವೆ. ಅದರಲ್ಲಿ 100ರಲ್ಲಿ ದೋಷ ಇದೆ. ಡಾಕ್ಟರು 30 ಬಿಟ್ಟರು. ಈಗ ತಪ್ಪಿನ ಪ್ರಮಾಣ ಎಷ್ಟು? 1,000ಕ್ಕೆ 30 ಎಂದರೆ ಶೇ. 3. ಕೇಳಲು ಹಿತವಾಗಿದೆ. 100ಕ್ಕೆ 30 ಎಂದರೆ ಶೇ. 30. ಅದೇ ಡಾಕ್ಟರು, ಅದೇ ಫಿಲ್ಮ್, ಅದೇ ತಪ್ಪುಗಳು. ರೋಗ ಇರುವವನಿಗೆ ಬೇಕಾದದ್ದು ಎರಡನೇ ಲೆಕ್ಕ. ಆಪರೇಷನ್‌ಗೆ ಮುಂಚಿನ ನಾರ್ಮಲ್ ಫಿಲ್ಮ್‌ಗಳು ರಾಶಿ ಬಿದ್ದಿರುವ ವಿಭಾಗದಲ್ಲಿ ಮೊದಲ ಲೆಕ್ಕ ಯಾವಾಗಲೂ ಚೆಂದವೇ ಕಾಣುತ್ತದೆ. ಎಲ್ಲ ಫಿಲ್ಮ್‌ಗೂ ಕಣ್ಣು ಮುಚ್ಚಿ "ನಾರ್ಮಲ್" ಎಂದು ಬರೆದರೂ ಈ ಉದಾಹರಣೆಯಲ್ಲಿ ಶೇ. 90 ಸರಿ ಬರುತ್ತದೆ, ಅಲ್ವಾ?

ಸತ್ಯ ಯಾವುದು ಎಂದು ಯಾರು ಹೇಳಬೇಕು?

ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಬೇಕಾಯಿತು. ಇಬ್ಬರು ಡಾಕ್ಟರು ಒಪ್ಪಿದರೋ ಇಲ್ಲವೋ ಎನ್ನುವುದನ್ನು ಪಕ್ಕಕ್ಕಿಟ್ಟೆವು. ನಿಜವಾಗಿ ರೋಗ ಇದ್ದವರ ಫಿಲ್ಮ್ ಏನು ಹೇಳಿತ್ತು ಎಂದು ಹಿಂದಕ್ಕೆ ಹೋಗಿ ನೋಡಿದೆವು. ಎಕ್ಸ್‌ರೇ ಆದ ಸ್ವಲ್ಪ ದಿನದಲ್ಲೇ ಸಿ.ಟಿ. ಆದವರು, ಬಯಾಪ್ಸಿ ಆದವರು, ಕಫದ ಸಿಬಿ-ನ್ಯಾಟ್ ಪರೀಕ್ಷೆಯಲ್ಲಿ ಟಿ.ಬಿ. ಎಂದು ಬಂದವರು. ಇವರ ಪಟ್ಟಿ ಮಾಡಿ, ಒಬ್ಬೊಬ್ಬರ ಎಕ್ಸ್‌ರೇ ರಿಪೋರ್ಟ್ ಹುಡುಕಿದೆವು.

ಟಿ.ಬಿ.ಯನ್ನು ಸೇರಿಸಲೇಬೇಕು ಎಂದು ಹಟ ಹಿಡಿದವರು ಎದೆರೋಗದ ವಿಭಾಗದವರು. ಅವರ ಹಟಕ್ಕೆ ಆಧಾರ ಇತ್ತು. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಟಿ.ಬಿ. ಸಮೀಕ್ಷೆಯಲ್ಲಿ ಪತ್ತೆಯಾದವರಲ್ಲಿ ಶೇ. 42.6ರಷ್ಟು ಜನರಿಗೆ ಎಕ್ಸ್‌ರೇಯೇ ಸುಳಿವು ಕೊಟ್ಟಿತ್ತು. ಕೆಮ್ಮು, ಜ್ವರ ಇದೆಯಾ ಎಂದಷ್ಟೇ ಕೇಳಿದ್ದರೆ ಅವರು ಸಿಗುತ್ತಲೇ ಇರಲಿಲ್ಲ. ಅಂಥವರ ಫಿಲ್ಮ್ ನಾರ್ಮಲ್ ಎಂದು ಹೋದರೆ ಇನ್ನೊಂದು ಬಾಗಿಲು ಇಲ್ಲ.

ಈ ದಾರಿಯಲ್ಲೂ ಒಂದು ತೂತಿದೆ. ಎಕ್ಸ್‌ರೇ ನಾರ್ಮಲ್ ಎಂದ ಮೇಲೆ ಸಿ.ಟಿ.ಗೆ ಹೋಗುವವರು ಕಡಿಮೆ. ಹೋದವರು ಏನೋ ತೊಂದರೆ ಇದ್ದೇ ಹೋದವರು. ನಾರ್ಮಲ್ ಎಂಬ ರಿಪೋರ್ಟ್ ಹಿಡಿದು ಹರಪನಹಳ್ಳಿಗೋ ಚನ್ನಗಿರಿಗೋ ಬಸ್ಸು ಹತ್ತಿದವರ ಸುದ್ದಿ ನಮಗೆ ಬರುವುದೇ ಇಲ್ಲ. ಅದಕ್ಕೇ ನಾರ್ಮಲ್ ರಾಶಿಯಿಂದಲೂ ಒಂದಿಷ್ಟು ಫಿಲ್ಮ್ ಆರಿಸಿ, ಮೂವರು ಹಿರಿಯರ ಮುಂದೆ ಇಟ್ಟೆವು. ಮೂವರೂ ಮೊದಲು ಬೇರೆಬೇರೆಯಾಗಿ ಬರೆದುಕೊಡಬೇಕು, ಆಮೇಲೆ ಕೂತು ಮಾತಾಡಬೇಕು. ಒಟ್ಟಿಗೆ ಕೂರಿಸಿದರೆ ಮೊದಲು ಬಾಯಿ ತೆರೆದವರೇ ಗೆಲ್ಲುತ್ತಾರೆ.

ತಾಲ್ಲೂಕು ಕಡೆಯಿಂದ ವಾಟ್ಸಾಪ್‌ನಲ್ಲಿ ಬರುವ ಎಕ್ಸ್‌ರೇ ಫೋಟೋಗಳನ್ನು ಬೇರೆಯೇ ಇಟ್ಟೆವು. ಟ್ಯೂಬ್‌ಲೈಟ್ ಹೊಳಪು ಬಿದ್ದಿರುವ ಫೋಟೋದಲ್ಲಿ ಗಡ್ಡೆ ಕಾಣದಿದ್ದರೆ ಅದು ಕಣ್ಣಿನ ತಪ್ಪಲ್ಲ.

ಕುರುಡು ಓದು

ಹಳೆಯ ರಿಪೋರ್ಟ್ ಹುಡುಕುವುದರಿಂದ ಎಷ್ಟು ಬಿಟ್ಟುಹೋಗಿತ್ತು ಎಂದು ತಿಳಿಯುತ್ತದೆ. ಯಾಕೆ ಎಂದು ತಿಳಿಯಲ್ಲ. ಅದಕ್ಕೆ ಹೆಸರು ಅಳಿಸಿದ ಫಿಲ್ಮ್‌ಗಳನ್ನು ಎಲ್ಲರೂ ಹೊಸದಾಗಿ ಓದಬೇಕು. ಇಲ್ಲಿ ಬಹಳ ಚರ್ಚೆ ಆಯಿತು.

ರೋಗದ ಫಿಲ್ಮ್ ಎಷ್ಟು ಬೆರೆಸಬೇಕು? ಅರ್ಧಕ್ಕರ್ಧ ಬೆರೆಸಿದರೆ ಲೆಕ್ಕ ಬೇಗ ಮುಗಿಯುತ್ತದೆ. ಆದರೆ ಆಗ ಎಲ್ಲರೂ ಪರೀಕ್ಷೆ ಬರೆಯುವವರಂತೆ ಓದುತ್ತಾರೆ. ಅಕ್ಕಿ ಆರಿಸುವವರನ್ನು ನೋಡಿ: ಹಿಡಿಗೊಂದು ಕಲ್ಲು ಸಿಗುತ್ತಿದ್ದರೆ ಬೆರಳು ನಿಧಾನವಾಗುತ್ತದೆ, ಮೊರ ಮೊರ ಕಳೆದರೂ ಕಲ್ಲೇ ಸಿಗದಿದ್ದರೆ ಕೈ ತಾನೇ ಓಡುತ್ತದೆ, ಕೊನೆಗೆ ಇದ್ದ ಒಂದು ಕಲ್ಲೂ ಅನ್ನಕ್ಕೆ ಹೋಗುತ್ತದೆ. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಜೊತೆಗಾರರು ನೇಚರ್ ಪತ್ರಿಕೆಯಲ್ಲಿ ಇದನ್ನೇ ಅಳೆದು ತೋರಿಸಿದ್ದರು. ಕಂಪ್ಯೂಟರ್ ಪರದೆಯ ಮೇಲಿನ ಹುಡುಕಾಟದಲ್ಲಿ ಹುಡುಕುವ ವಸ್ತು ಅರ್ಧದಷ್ಟು ಸಲ ಇದ್ದಾಗ ಜನ ಬಿಟ್ಟದ್ದು ಶೇ. 7. ನೂರಕ್ಕೆ ಒಂದು ಸಲ ಮಾತ್ರ ಇದ್ದಾಗ ಶೇ. 30. ಅವರು ಡಾಕ್ಟರರಲ್ಲ, ಚಿತ್ರಗಳೂ ಎಕ್ಸ್‌ರೇ ಅಲ್ಲ. ಆದರೆ ಆಪರೇಷನ್ ಮುಂಚಿನ ಫಿಲ್ಮ್ ರಾಶಿಗೆ ಈ ಮಾತು ಹೇಳಿ ಮಾಡಿಸಿದಂತಿದೆ.

ಒಬ್ಬ ಪಿ.ಜಿ. ಹುಡುಗ ಜಾಣ ಉಪಾಯ ಹೇಳಿದ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ನೋಡುವವರ ಪರದೆಯ ಮೇಲೆ ಆಗಾಗ ಸುಳ್ಳು ಬಂದೂಕಿನ ಚಿತ್ರ ತೂರಿಸಿ ಪರೀಕ್ಷಿಸುತ್ತಾರೆ, ನಾವೂ ದಿನದ ಕೆಲಸದ ನಡುವೆ ಹಳೆಯ ಫಿಲ್ಮ್ ತೂರಿಸೋಣ ಸರ್ ಎಂದ. ಅಳತೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ನನಗೆ ಆಸೆಯೂ ಆಯಿತು. ಮೇಡಂ ಬೇಡ ಎಂದರು. ಸುಳ್ಳು ಹೆಸರಿನ ರಿಪೋರ್ಟ್ ಒಂದು ದಿನ ನಿಜವಾದ ರೋಗಿಯ ಫೈಲ್‌ಗೆ ಹೋಗಿ ಕೂತರೆ ಯಾರು ಹೊಣೆ? ಅವರ ಮಾತು ಸರಿ. ಬ್ಯಾಗ್ ಯಂತ್ರದಲ್ಲಿ ಗುಂಡಿ ಒತ್ತಿದ ತಕ್ಷಣ ಅದು ಸುಳ್ಳು ಚಿತ್ರ ಎಂದು ತೋರಿಸುತ್ತದೆ. ಆಸ್ಪತ್ರೆಯ ಕಾಗದಕ್ಕೆ ಅಂಥ ಗುಂಡಿ ಇಲ್ಲ.

ಕೊನೆಗೆ ಒಪ್ಪಿದ್ದು ಮಧ್ಯದ ದಾರಿ. ರೋಗದ ಫಿಲ್ಮ್ ಕಡಿಮೆ ಇರಬೇಕು, ಎಷ್ಟು ಎಂದು ಓದುವವರಿಗೆ ಹೇಳಬಾರದು. ದಿನವೂ ಓದುವ ಮಾನಿಟರ್, ದಿನವೂ ಓದುವ ಹೊತ್ತು. ಓ.ಪಿ.ಡಿ.ಯಿಂದ ಬಂದ ಚೀಟಿಯಲ್ಲಿ ಏನು ಬರೆದಿತ್ತೋ ಅಷ್ಟೇ ವಿವರ. ಸುಮ್ನೆ "ದೋಷ ಇದೆ" ಎಂದರೆ ಸಾಲದು, ಜಾಗ ಗುರುತಿಸಬೇಕು. ಎಡಗಡೆ ಏನೋ ಊಹಿಸಿ ಬಲಗಡೆಯ ಗಡ್ಡೆಗೆ ಅಂಕ ತೆಗೆದುಕೊಳ್ಳುವ ಹಾಗಿಲ್ಲ. ಕೆಲವು ಫಿಲ್ಮ್‌ಗಳು ವಾರಗಳ ನಂತರ ಹೊಸ ನಂಬರ್ ಹೊತ್ತು ಅದೇ ಡಾಕ್ಟರಿಗೆ ಮತ್ತೆ ಬರುತ್ತವೆ.

ಯಾರೂ ಮುಂದೆ ಬರಲಿಲ್ಲ. ಬರುವುದಾದರೂ ಹೇಗೆ? ಇದರ ಹಾಳೆ ನಾಳೆ ಎಲ್ಲಿಗೆ ಹೋಗುತ್ತದೆ ಎನ್ನುವ ಭಯ. ಆಗ ಮೇಡಂ ತಾವೇ ಮೊದಲು ಕೂತರು. ತಮ್ಮ ಫಲಿತಾಂಶವನ್ನು, ಬಿಟ್ಟದ್ದನ್ನೆಲ್ಲ ಗುರುತು ಮಾಡಿ, ವಿಭಾಗದ ಸಭೆಯಲ್ಲಿ ತೋರಿಸಿದರು. ಅವರು ಬಿಟ್ಟದ್ದೂ ಇತ್ತು. ಆಮೇಲೆ ಉಳಿದವರು ಒಬ್ಬೊಬ್ಬರೇ ಬಂದರು. ನಾನು ಎಷ್ಟೇ ಚೆನ್ನಾಗಿ ಯೋಜನೆ ಬರೆದಿದ್ದರೂ ಈ ಒಂದು ಹೆಜ್ಜೆ ಇಲ್ಲದೆ ಅದು ಕಡತದಲ್ಲೇ ಉಳಿಯುತ್ತಿತ್ತು.

ಏನು ಸಿಕ್ಕಿತು

1949ರ ಸಂಖ್ಯೆ ಕೇಳಿ "ಆ ಕಾಲದ ಫಿಲ್ಮ್ ಬಿಡಿ" ಎಂದು ನಕ್ಕವರು ಈಗ ನಗಲಿಲ್ಲ. ಅದೇ ಡಾಕ್ಟರು ಅದೇ ಫಿಲ್ಮನ್ನು ಎರಡನೇ ಸಲ ಓದಿದಾಗ ಮಾತು ಬದಲಿಸಿದ್ದೂ ಕಂಡಿತು. ಇಬ್ಬರಿಗೆ ಅದನ್ನು ನಂಬಲು ತಮ್ಮದೇ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಬೇಕಾಯಿತು.

ಜಗಳಕ್ಕೆ ಕಾರಣವಾದ ಆ ಫಿಲ್ಮನ್ನೂ ಹೆಸರು ಅಳಿಸಿ ಬೆರೆಸಿದ್ದೆವು. ಕೆಲವರು ಹಿಡಿದರು, ಕೆಲವರು ಬಿಟ್ಟರು. ಬಿಟ್ಟವರಲ್ಲಿ "ಇಷ್ಟು ಸ್ಪಷ್ಟವಾಗಿ ಇರುವುದನ್ನು" ಎಂದು ಸಿಟ್ಟಾಗಿದ್ದವರೂ ಇದ್ದರು. ಗಡ್ಡೆಯ ಜಾಗಕ್ಕೆ ಬಾಣದ ಗುರುತು ಹಾಕಿ ತೋರಿಸಿದರೆ ಎಲ್ಲರಿಗೂ ಕಂಡಿತು. ಅವತ್ತಿಗೆ ಆ ಜಗಳ ಮುಗಿಯಿತು.

ಬಿಟ್ಟುಹೋದವು ಎಲ್ಲೆಂದರಲ್ಲಿ ಇರಲಿಲ್ಲ. ಕಾಲರ್‌ಬೋನ್ ಹಿಂದೆ, ಹೃದಯದ ನೆರಳಿನ ಹಿಂದೆ, ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯ) ಗುಮ್ಮಟದ ಕೆಳಗೆ ಇಳಿಯುವ ಶ್ವಾಸಕೋಶದ ಭಾಗದಲ್ಲಿ, ರಕ್ತನಾಳಗಳು ಕೂಡುವ ನಡುಭಾಗದಲ್ಲಿ. ಪಠ್ಯಪುಸ್ತಕ ಓದಿದ ಯಾವ ಪಿ.ಜಿ.ಯೂ ಈ ಪಟ್ಟಿ ಹೇಳುತ್ತಾನೆ. ಗೊತ್ತಿದ್ದೂ ಬಿಡುತ್ತಾರೆ, ವಿಶೇಷ ಅದು. ಇನ್ನು ಕೆಲವು ಫಿಲ್ಮ್‌ಗಳಲ್ಲಿ ಒಂದು ದೋಷ ಸಿಕ್ಕಿದ್ದೇ ಇನ್ನೊಂದನ್ನು ಮರೆಮಾಡಿತ್ತು. ಬೈಕಿನಿಂದ ಬಿದ್ದವರ ಪಕ್ಕೆಲುಬು ಮುರಿದದ್ದನ್ನು ಬರೆದು, ಎರಡು ಪಕ್ಕೆಲುಬು ಮೇಲಿದ್ದ ಟಿ.ಬಿ. ಕಲೆಯನ್ನು ಬಿಟ್ಟಿದ್ದರು. ಒಂದು ಸಿಕ್ಕ ತೃಪ್ತಿಯಲ್ಲಿ ಹುಡುಕಾಟ ನಿಲ್ಲುತ್ತದೆ ಎಂದು 1962ರಲ್ಲೇ ವಿಲಿಯಂ ಟಡನ್‌ಹ್ಯಾಮ್ ಬರೆದಿದ್ದರು.

ಹಾಗಾದರೆ ಆ ಜಾಗವನ್ನು ಅವರು ನೋಡಲೇ ಇಲ್ಲವೇ? ಇದನ್ನು ಅಳೆಯಲು ಕಣ್ಣಿನ ಚಲನೆ ಹಿಡಿಯುವ ಯಂತ್ರ ಬೇಕು, ನಮ್ಮಲ್ಲಿ ಇರಲಿಲ್ಲ. ಹೆರಾಲ್ಡ್ ಕುಂಡೆಲ್ ಮತ್ತು ಜೊತೆಗಾರರು 1978ರಲ್ಲಿ ಹಾಗೆ ಅಳೆದಿದ್ದರು. ಬಿಟ್ಟುಹೋದ ಗಡ್ಡೆಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟನ್ನು ಕಣ್ಣು ಸಾಕಷ್ಟು ಹೊತ್ತು ನೋಡಿತ್ತು. ನೋಡಿ, ಇದೇನಲ್ಲ ಎಂದು ಮುಂದೆ ಹೋಗಿತ್ತು. ನಮ್ಮ ಹಳೆಯ ರಿಪೋರ್ಟ್‌ಗಳಲ್ಲೂ ಇದರ ಗುರುತು ಸಿಕ್ಕಿತು. "ಮೇಲ್ಭಾಗದಲ್ಲಿ ಗೆರೆಗಳು ಸ್ವಲ್ಪ ಜಾಸ್ತಿ" ಎಂದು ಒಳಗೆ ಬರೆದು, ಕೊನೆಯ ಸಾಲಿನಲ್ಲಿ ನಾರ್ಮಲ್ ಎಂದು ಮುಗಿಸಿದವು. ವಾರ್ಡಿನ ಡಾಕ್ಟರು ಓದುವುದು ಕೊನೆಯ ಸಾಲು ಮಾತ್ರ.

ಯಾರೂ ನಿರೀಕ್ಷಿಸದ ಇನ್ನೊಂದು ವಿಷಯ ಈ ಹುಡುಕಾಟದಲ್ಲಿ ಹೊರಬಿತ್ತು. ಕಣ್ತಪ್ಪು ಎಂದು ಪಟ್ಟಿಗೆ ಸೇರಿಸಿದ್ದ ಕೆಲವು ಕಣ್ತಪ್ಪೇ ಅಲ್ಲ. ರೇಡಿಯಾಲಜಿಸ್ಟ್ ಸರಿಯಾಗಿ ನೋಡಿದ್ದರು, ನೆರಳು ಇದೆ, ಸಿ.ಟಿ. ಮಾಡಿಸಿ ಎಂದು ಬರೆದೂ ಇದ್ದರು. ಆ ಹೊತ್ತಿಗೆ ರೋಗಿ ಡಿಸ್ಚಾರ್ಜ್ ಆಗಿದ್ದರು. ರಿಪೋರ್ಟ್ ಎಕ್ಸ್‌ರೇ ಕವರ್‌ನೊಳಗೆ ಸೇರಿ ಹೊಸದುರ್ಗದ ಯಾವುದೋ ಮನೆಯ ಗೋಡೆಗೆ ನೇತಾಡುತ್ತಿತ್ತು. ಓದಿದವರಿಲ್ಲ. ರೋಗಿಗೆ ಇದಕ್ಕೂ ಕಣ್ತಪ್ಪಿಗೂ ಏನು ವ್ಯತ್ಯಾಸ? ಆದರೆ ಸರಿಪಡಿಸುವ ದಾರಿ ಪೂರ್ತಿ ಬೇರೆ. ಕಣ್ಣಿಗೆ ಎಷ್ಟು ತರಬೇತಿ ಕೊಟ್ಟರೂ ಕವರ್‌ನೊಳಗಿನ ಹಾಳೆ ಹೊರಗೆ ಬರುವುದಿಲ್ಲ.

ಮಗನಿಗೆ ಹೇಳಿದ್ದು

ಈ ನಡುವೆ ರೋಗಿಯ ಮಗನಿಗೆ ಉತ್ತರ ಬಾಕಿ ಇತ್ತು. ಏನೂ ಮಾತಾಡಬೇಡಿ, ನಾಳೆ ಗ್ರಾಹಕರ ಆಯೋಗಕ್ಕೆ ಹೋದರೆ ಕಷ್ಟ ಎಂದು ಸಲಹೆ ಬಂದಿತ್ತು. ಮೇಡಂ ಮತ್ತು ರಿಪೋರ್ಟ್ ಬರೆದ ಡಾಕ್ಟರು ಇಬ್ಬರೂ ಕೂತು ಮಾತಾಡಿದರು. ಅವತ್ತಿನ ಫಿಲ್ಮ್‌ನಲ್ಲಿ ನೆರಳು ಇತ್ತು, ನಾವು ಗುರುತಿಸಲಿಲ್ಲ ಎಂದು ಮೊದಲು ಹೇಳಿದರು. ಬೇರೆ ಡಾಕ್ಟರಲ್ಲೂ ಕೆಲವರು ಗುರುತಿಸಲಿಲ್ಲ ಎನ್ನುವುದನ್ನು ಆಮೇಲೆ, ಅವರು ಕೇಳಿದ ಮೇಲೆ ಹೇಳಿದರು. ಈ ಕ್ರಮ ಮುಖ್ಯ ಎಂದು ನನಗೆ ಅನಿಸುತ್ತದೆ. ಮೊದಲೇ ಹೇಳಿದ್ದರೆ ಅದು ನೆಪವಾಗುತ್ತಿತ್ತು. ಮಗ ಎರಡೂ ಫಿಲ್ಮ್‌ಗಳ ಸಿ.ಡಿ. ಕೇಳಿದರು. ಕೊಟ್ಟರು. ಅವತ್ತೇ ಪತ್ತೆಯಾಗಿದ್ದರೆ ಅಪ್ಪ ಉಳಿಯುತ್ತಿದ್ದರಾ ಎಂದು ಕೇಳಿದರು. ಚಿಕ್ಕದಿದ್ದಾಗ ಆಪರೇಷನ್‌ಗೆ ಅವಕಾಶ ಜಾಸ್ತಿ ಇರುತ್ತಿತ್ತು, ಅದಕ್ಕಿಂತ ಹೆಚ್ಚು ಹೇಳಲಾರೆವು ಎಂದರು.

ಬದಲಾದದ್ದು, ಅದರ ಬೆಲೆ

ಬದಲಾವಣೆಗಳು ದೊಡ್ಡವೇನಲ್ಲ. ಚೀಟಿಯಲ್ಲಿ "ಆಪರೇಷನ್‌ಗೆ ಮುಂಚೆ" ಎಂದಷ್ಟೇ ಬರೆದರೆ ಟೆಕ್ನಿಷಿಯನ್ ವಾಪಸ್ ಕಳಿಸಬಹುದು. ವಯಸ್ಸು, ಬೀಡಿ, ಕೆಮ್ಮು, ಎಲ್ಲಿ ಕೆಲಸ ಎಂದು ಬರೆಯಲೇಬೇಕು. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ, ಚಿತ್ರದುರ್ಗ ಕಡೆಯ ಗಣಿ, ಕಲ್ಲು ಕ್ರಷರ್ ಎಂದು ಬರೆದಿದ್ದರೆ ಓದುವ ಕಣ್ಣು ಬೇರೆಯಾಗುತ್ತದೆ. ಆಪರೇಷನ್ ಮುಂಚಿನ ರಾಶಿಯನ್ನು ಸಂಜೆ ಕೊನೆಗೆ ಒಟ್ಟಿಗೆ ಓದುವುದು ನಿಂತಿತು, ದಿನದ ಉಳಿದ ಫಿಲ್ಮ್‌ಗಳ ನಡುವೆ ಬೆರೆಸಿದರು. ಹಳೆಯ ಫಿಲ್ಮ್ ಇದ್ದರೆ ಪಕ್ಕದಲ್ಲಿ ತೆರೆಯುವುದು ಕಡ್ಡಾಯವಾಯಿತು. ನಲವತ್ತು ದಾಟಿದ ಬೀಡಿ ಸೇದುವವರ ಫಿಲ್ಮ್ ನಾರ್ಮಲ್ ಎನ್ನುವ ಮುಂಚೆ ಇನ್ನೊಬ್ಬರು, ಮೊದಲ ರಿಪೋರ್ಟ್ ಕಾಣದಂತೆ, ಓದಬೇಕು. ನೆರಳು ಕಂಡ ರಿಪೋರ್ಟ್ ಕವರ್‌ಗೆ ಹೋಗುವ ಮುಂಚೆ ವಾರ್ಡಿಗೆ ಫೋನ್ ಹೋಗಬೇಕು, ಯಾರು ಕೇಳಿಸಿಕೊಂಡರು ಎಂದು ಬರೆಯಬೇಕು. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಈ ಫೋನ್.

ಎರಡನೇ ಸುತ್ತಿನ ಅಳತೆಯಲ್ಲಿ ಮೇಲ್ತುದಿಯ ದೋಷಗಳು ಬಿಟ್ಟುಹೋಗುವುದು ಕಡಿಮೆಯಾಗಿತ್ತು. ಹೃದಯದ ಹಿಂದಿನವು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಜೊತೆಗೆ ಇನ್ನೊಂದು ಸಾಲು ಏರಿತ್ತು: ಏನೂ ಇಲ್ಲದಲ್ಲಿ ಏನೋ ಇದೆ ಎನ್ನುವುದು. ಹೆದರಿದ ಕಣ್ಣು ಎಲ್ಲೆಡೆ ಗಡ್ಡೆ ನೋಡುತ್ತದೆ. ಮೊಲೆತೊಟ್ಟಿನ ನೆರಳನ್ನು ಗಡ್ಡೆ ಎಂದುಕೊಂಡು ಹಿರಿಯೂರು ಕಡೆಯ ಒಬ್ಬ ಅಜ್ಜಿಯನ್ನು ಸಿ.ಟಿ.ಗೆ ಕರೆಸಿದ್ದರು. ಆಕೆಯ ಜೊತೆ ಬಂದವರ ಕೂಲಿ, ಬಸ್ಸು, ಸ್ಕ್ಯಾನಿನ ದುಡ್ಡು ಎಲ್ಲ ನೀರುಪಾಲು. ಅಂದಿನಿಂದ ಅಂಥ ಅನುಮಾನ ಬಂದರೆ ತೊಟ್ಟಿನ ಮೇಲೆ ಚಿಕ್ಕ ಲೋಹದ ಗುರುತು ಅಂಟಿಸಿ ಇನ್ನೊಂದು ಎಕ್ಸ್‌ರೇ ಮೊದಲು. ಮೇಲ್ತುದಿಯ ಅನುಮಾನಕ್ಕೆ ಬೆನ್ನು ಹಿಂದಕ್ಕೆ ಬಾಗಿಸಿ ತೆಗೆಯುವ ಏಪಿಕಲ್ ವ್ಯೂ ಮೊದಲು. ಸಿ.ಟಿ. ಆಮೇಲೆ. ಬಿಟ್ಟದ್ದನ್ನು ಮಾತ್ರ ಎಣಿಸಿ, ಸುಳ್ಳು ಎಚ್ಚರಿಕೆಯನ್ನು ಎಣಿಸದಿದ್ದರೆ ಈ ಅಜ್ಜಿ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಎಐ ಸಾಫ್ಟ್‌ವೇರ್ ಮಾರುವವರೂ ಬಂದು ಹೋದರು. 15 ವರ್ಷ ದಾಟಿದವರ ಎಕ್ಸ್‌ರೇಯಲ್ಲಿ ಟಿ.ಬಿ. ಹುಡುಕಲು ಇಂಥವನ್ನು ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಟಿ.ಬಿ. ಬಿಟ್ಟು ಉಳಿದದ್ದಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಮೇಡಂ ಅವರಿಗೆ ಒಂದೇ ಷರತ್ತು ಹಾಕಿದರು: ನಮ್ಮ ಹೆಸರಿಲ್ಲದ ಫಿಲ್ಮ್‌ಗಳನ್ನೇ ಓದಿ ತೋರಿಸಿ. ನಾವು ಬಿಟ್ಟದ್ದರಲ್ಲಿ ಎಷ್ಟು ಹಿಡಿಯುತ್ತೀರಿ, ನಾವು ಹಿಡಿದದ್ದರಲ್ಲಿ ಎಷ್ಟು ಬಿಡುತ್ತೀರಿ ನೋಡೋಣ. ಮಾತುಕತೆ ಇನ್ನೂ ನಡೆಯುತ್ತಿದೆ.

ಹೆಸರಿನ ಪಟ್ಟಿ

ಕೊನೆಯ ಜಗಳ ಆಡಳಿತದ ಜೊತೆ. ಅವರಿಗೆ ಡಾಕ್ಟರ ಹೆಸರಿನ ಮುಂದೆ ಶೇಕಡಾ ಎಷ್ಟು ಎಂಬ ಪಟ್ಟಿ ಬೇಕಿತ್ತು. ದುಡ್ಡು ಖರ್ಚಾಗಿದೆ, ಕೇಳುವುದು ಸಹಜ.

ಇಲ್ಲಿ ನನ್ನ ಕೆಲಸ ಬಂತು. ಒಬ್ಬ ಡಾಕ್ಟರಿಗೆ ರೋಗ ಖಚಿತವಾದ 20 ಫಿಲ್ಮ್ ಹೋಗಿ, 4 ಬಿಟ್ಟರು ಎಂದುಕೊಳ್ಳಿ. ಶೇ. 20 ಎಂದು ಬರೆಯಬಹುದು. ಆದರೆ ಇಷ್ಟು ಚಿಕ್ಕ ಲೆಕ್ಕದಲ್ಲಿ ಅವರ ನಿಜವಾದ ಪ್ರಮಾಣ ಶೇ. 8 ಇರಬಹುದು, ಶೇ. 42ರ ತನಕವೂ ಇರಬಹುದು. ಪಕ್ಕದವರು 20ಕ್ಕೆ 6 ಬಿಟ್ಟರೆ ಅವರು ಕೆಳಗೆ, ಇವರು ಮೇಲೆ ಎಂದು ಹೇಳಲು ಗಣಿತ ಒಪ್ಪುವುದಿಲ್ಲ. ಮತ್ತೆ ಅಳೆದರೆ ಪಟ್ಟಿ ತಲೆಕೆಳಗಾಗಬಹುದು. ಕಷ್ಟದ ಫಿಲ್ಮ್‌ಗಳನ್ನು ಹೆಚ್ಚಾಗಿ ಓದುವ ಹಿರಿಯರು ಕೊನೆಯಲ್ಲಿ ಬಂದರೂ ಆಶ್ಚರ್ಯವಿಲ್ಲ. ವಿಭಾಗದ ಒಟ್ಟು ಲೆಕ್ಕಕ್ಕೆ ಸಾಲುವ ಫಿಲ್ಮ್‌ಗಳು ಒಬ್ಬೊಬ್ಬರ ಲೆಕ್ಕಕ್ಕೆ ಸಾಲುವುದಿಲ್ಲ.

ಮೇಡಂ ಹೇಳಿದ ಕಾರಣ ಇನ್ನೂ ಸರಳವಾಗಿತ್ತು. ಹೆಸರಿನ ಪಟ್ಟಿ ಕೊಟ್ಟರೆ ಮುಂದಿನ ಸುತ್ತಿಗೆ ಯಾರೂ ಕೂರುವುದಿಲ್ಲ, ಕೂತರೂ ಎಲ್ಲ ಫಿಲ್ಮ್‌ಗೂ "ಸಿ.ಟಿ. ಮಾಡಿಸಿ" ಎಂದು ಬರೆಯುತ್ತಾರೆ. ಆಡಳಿತಕ್ಕೆ ಹೋದದ್ದು ಮೂರು ಸಂಖ್ಯೆಗಳ ಒಂದು ಹಾಳೆ: ರೋಗ ಇದ್ದವರಲ್ಲಿ ಎಷ್ಟು ಬಿಟ್ಟೆವು, ಏನೂ ಇಲ್ಲದವರಲ್ಲಿ ಎಷ್ಟು ಜನರನ್ನು ಹೆದರಿಸಿದೆವು, ಸರಿಯಾಗಿ ಬರೆದ ರಿಪೋರ್ಟ್‌ಗಳಲ್ಲಿ ಎಷ್ಟು ಯಾರ ಕೈಗೂ ತಲುಪಲಿಲ್ಲ. ಒಬ್ಬೊಬ್ಬರ ಹಾಳೆ ಆಯಾ ಡಾಕ್ಟರ ಕೈಗೆ ಮಾತ್ರ ಸೇರಿತು. ಆಡಳಿತ ಗೊಣಗಿಕೊಂಡೇ ಒಪ್ಪಿತು. ಮೂರನೇ ಸಂಖ್ಯೆ ನೋಡಿದ ಮೇಲೆ ವಾರ್ಡ್‌ಗಳಿಗೆ ಫೋನ್ ಮಾಡಲೆಂದೇ ಒಬ್ಬ ಗುಮಾಸ್ತರನ್ನು ಕೊಟ್ಟರು.